ಕಂಬದ ಮೇಲೆ ಕ್ಯಾಮೆರಾ ಇದೆ, ಆದ್ರೆ ರೆಕಾರ್ಡ್ ಆಗ್ತಿದೆಯಾ?

ದೊಡ್ಡಮ್ಮನ ಸರ ಹೋಗಿದ್ದು ಬೆಳಗ್ಗೆ ಆರೂವರೆಗೆ. ಮರಳೂರಿನ ನಮ್ಮ ಮನೆ ಮುಂದೆ ರಂಗೋಲಿ ಹಾಕ್ತಾ ಇದ್ದರು. ಬೈಕಿನಲ್ಲಿ ಬಂದ ಇಬ್ಬರು ವಿಳಾಸ ಕೇಳೋ ನೆಪದಲ್ಲಿ ನಿಂತು ಕುತ್ತಿಗೆಗೆ ಕೈ ಹಾಕಿದರು. ನಾನು ಓಡಿ ಬರುವಷ್ಟರಲ್ಲಿ ಬೈಕು ತಿರುವು ದಾಟಿತ್ತು. ಕೈಯಲ್ಲಿ ರಂಗೋಲಿ ಪುಡಿ ಹಾಗೇ ಇತ್ತು, ಕುತ್ತಿಗೆ ಮೇಲೆ ಕೆಂಪು ಗೀರು. ದೊಡ್ಡಮ್ಮನ ಮೊದಲ ಮಾತು: "ಕಂಬದ ಮೇಲೆ ಕ್ಯಾಮ್ರಾ ಐತಲ್ಲಪ್ಪ, ಅದ್ರಾಗೆ ನೋಡು."

ಕ್ಯಾಮೆರಾ ಇತ್ತು, ನಿಜ. ಬೀದಿಯವರೇ ಚಂದಾ ಎತ್ತಿ ಹಾಕಿಸಿದ್ದು. ನಾನೂ ಸಾವಿರ ರೂಪಾಯಿ ಕೊಟ್ಟಿದ್ದೆ. ಡಿವಿಆರ್ ತೆರೆದು ನೋಡಿದರೆ ಹಾರ್ಡ್ ಡಿಸ್ಕ್ ಕೆಟ್ಟು ಎರಡು ತಿಂಗಳಾಗಿತ್ತು! ಯಾರೂ ಗಮನಿಸಿರಲಿಲ್ಲ. ಆಫೀಸಿನಲ್ಲಿ ಸರ್ವರ್ ಒಂದು ನಿಮಿಷ ನಿಂತರೆ ನನ್ನ ಫೋನು ಹೊಡ್ಕೊಳ್ಳುತ್ತೆ. ನನ್ನ ಮನೆ ಮುಂದಿನ ಯಂತ್ರ ಎರಡು ತಿಂಗಳು ಸತ್ತು ಬಿದ್ದಿದ್ದರೂ ನನಗೆ ಗೊತ್ತಾಗಲಿಲ್ಲ.

ನಾಚಿಕೆಯಾಯ್ತು. ಆಮೇಲೊಂದು ಪ್ರಶ್ನೆ ಶುರುವಾಯ್ತು. ನಾವು ಇಪ್ಪತ್ತು ಮನೆಯವರು ಹೀಗೆ ಮರೆತೆವು, ಸರಿ. ಸರ್ಕಾರ ನಮ್ಮ ಸುರಕ್ಷತೆಗೆ ಅಂತ ಕೊಡೋ ಅನುದಾನದ ಕಥೆ ಏನು?

ದೊಡ್ಡ ಹೆಸರು ನಿರ್ಭಯಾ ನಿಧಿ. ದೆಹಲಿಯ ಆ ಘಟನೆಯ ನಂತರ, 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯಿಂದ ಶುರುವಾಗಿದ್ದು. ವರ್ಷ ಮುಗಿದರೂ ಈ ಹಣ ವಾಪಸ್ ಹೋಗಲ್ಲ. ಆದರೆ ತಾನಾಗಿ ಊರಿಗೆ ಬರೋದೂ ಇಲ್ಲ. ಯೋಜನೆ ಬರೆದು ಕಳಿಸಬೇಕು, ಸಮಿತಿ ಒಪ್ಪಬೇಕು. ಬೆಂಗಳೂರಿನ ಸೇಫ್ ಸಿಟಿ ಯೋಜನೆ ಹೀಗೇ ಬಂತು. ಸುಮಾರು 667 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ದೇಶದಲ್ಲಿ ಇಂಥ ನಗರಗಳು ಎಂಟೇ ಎಂಟು. ಆ ಪಟ್ಟಿಯಲ್ಲಿ ತುಮಕೂರು ಇಲ್ಲ.

ನಮ್ಮೂರಿಗೆ ಬಂದಿದ್ದು ಬೇರೆ ದಾರಿಯಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಒಂದೊಂದು ನಗರಕ್ಕೂ ಕೇಂದ್ರದ್ದು 500 ಕೋಟಿ, ರಾಜ್ಯದ್ದು ಅಷ್ಟೇ ಅನ್ನೋದು ಲೆಕ್ಕ. ರಸ್ತೆ ಜೊತೆಗೆ ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್ ಕೂಡ ಬಂತು. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಂಬ, ಕೇಬಲ್, ಸರ್ವರ್ ಊರಲ್ಲೇ ಉಳಿದಿವೆ. ಅವುಗಳ ಕರೆಂಟ್ ಬಿಲ್, ರಿಪೇರಿ, ನೋಡ್ಕೊಳ್ಳೋರ ಸಂಬಳ ಇನ್ಮುಂದೆ ಊರಿನ ಲೆಕ್ಕದಲ್ಲೇ ಬರಬೇಕು.

ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಸಾಫ್ಟ್‌ವೇರ್ ಲಾಂಚ್ ಮಾಡಿದ ದಿನ ಎಲ್ಲರೂ ಕೇಕ್ ಕತ್ತರಿಸ್ತಾರೆ. ಮೂರು ವರ್ಷ ಅದನ್ನ ನಡೆಸೋರ ಖರ್ಚು ಮಾತ್ರ ಯಾರಿಗೂ ನೆನಪಿರಲ್ಲ. ಅನುದಾನವೂ ಹೀಗೇ. ಕಂಬ ನಿಲ್ಲಿಸೋದು ಒಂದು ಸಲದ ಹಣ, ಅದನ್ನ ಜೀವಂತ ಇಡೋದು ವರ್ಷ ವರ್ಷದ ಹಣ. ಮೊದಲನೆಯದಕ್ಕೆ ಉದ್ಘಾಟನೆ ಇರುತ್ತೆ, ಎರಡನೆಯದನ್ನ ನಾವೇ ಕೇಳಬೇಕು.

ಕೇಳೋದು ಹೇಗೆ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ನಾನು ಬರೆದಿದ್ದು ಮೂರೇ ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಎಷ್ಟು ಕ್ಯಾಮೆರಾ ಇವೆ? ಎಷ್ಟು ಕೆಲಸ ಮಾಡ್ತಿವೆ? ನಿರ್ವಹಣೆ ಗುತ್ತಿಗೆ ಯಾವ ದಿನಾಂಕದವರೆಗೆ ಇದೆ? 30 ದಿನದೊಳಗೆ ಉತ್ತರ ಬರಬೇಕು.

ಇನ್ನೊಂದು ವಿಷಯ. ಸುರಕ್ಷತೆಯ ಹಣ ಅಂದ್ರೆ ಬರೀ ಕ್ಯಾಮೆರಾ ಅಲ್ಲ. ಠಾಣೆಗೆ ಹೋದಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಠಾಣೆ ಮೆಟ್ಟಿಲು ಹತ್ತಿದವರಲ್ಲ. "ನಮ್ಮಂಥೋರು ಯಾರತ್ರ ಮಾತಾಡದು?" ಅಂದರು. ಅವರಂಥವರಿಗೇ ಅಂತ ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ಇರೋದು. ಅದಕ್ಕೂ ನಿರ್ಭಯಾ ನಿಧಿಯ ಹಣವೇ. ದೇಶದ 10,000 ಠಾಣೆಗಳಿಗೆ 100 ಕೋಟಿ, ಅಂದ್ರೆ ಠಾಣೆಗೆ ಒಂದು ಲಕ್ಷ. ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಕ್ಕಳಿಗೆ ವೈದ್ಯರು, ವಕೀಲರು, ಆಪ್ತ ಸಮಾಲೋಚನೆ, ಕೆಲವು ದಿನದ ವಸತಿ ಒಂದೇ ಸೂರಿನಡಿ ಕೊಡೋ 'ಸಖಿ' ಕೇಂದ್ರಗಳು 2015ರಲ್ಲಿ ಶುರುವಾದವು. ಅವೂ ಇದೇ ನಿಧಿಯಿಂದ. 181ಕ್ಕೆ ಕರೆ ಮಾಡಿದರೆ ದಾರಿ ಹೇಳ್ತಾರೆ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಇಲ್ಲವೇ 15100ಕ್ಕೆ ಕರೆ ಮಾಡಬೇಕು. ಅಪರಾಧದಿಂದ ಗಂಭೀರವಾಗಿ ಗಾಯಗೊಂಡವರಿಗೆ, ಮನೆಯವರನ್ನ ಕಳೆದುಕೊಂಡವರಿಗೆ ಪರಿಹಾರ ಕೊಡೋ ಯೋಜನೆಯ ಅರ್ಜಿಯೂ ಅಲ್ಲಿಗೇ. ಆರೋಪಿ ಸಿಗದೇ ಇದ್ದರೂ ಅರ್ಜಿ ಹಾಕಬಹುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಂತೆ ಎಫ್‌ಐಆರ್ ಪ್ರತಿ ಉಚಿತ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಇಷ್ಟೆಲ್ಲಾ ಇದೆ ಅಂತ ಬಿ.ಇ. ಓದಿದ ನನಗೇ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಾ?

ದೊಡ್ಡಮ್ಮನ ಸರ ಇನ್ನೂ ಸಿಕ್ಕಿಲ್ಲ. ಈಗ ಅರಿಶಿನ ಕೊಂಬು ಕಟ್ಟಿದ ದಾರ ಹಾಕ್ಕೊಂಡಿದ್ದಾರೆ, ರಂಗೋಲಿ ಗೇಟಿನ ಒಳಗಡೆ ಹಾಕ್ತಾರೆ. ಅದನ್ನ ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತೆ. ಬೀದಿಯಲ್ಲಿ ಈಗ ಮನೆಗೆ ತಿಂಗಳಿಗೆ 50 ರೂಪಾಯಿ ಎತ್ತುತ್ತೇವೆ, ಹೊಸ ಕ್ಯಾಮೆರಾಕ್ಕಲ್ಲ, ಇರೋದನ್ನ ನೋಡ್ಕೊಳ್ಳೋಕೆ. ಪ್ರತಿ ಭಾನುವಾರ ನಾನು ಡಿವಿಆರ್ ತೆರೆದು ಹಿಂದಿನ ದಿನದ್ದು ರೆಕಾರ್ಡ್ ಆಗಿದೆಯಾ ಅಂತ ನೋಡ್ತೀನಿ. ಎರಡು ನಿಮಿಷದ ಕೆಲಸ.

ನಿಮ್ಮ ಬೀದಿ ಕಂಬದ ಮೇಲೂ ಒಂದು ಕ್ಯಾಮೆರಾ ಇರಬಹುದು. ಈ ಭಾನುವಾರ ಒಂದ್ಸಲ ಕೇಳಿ ನೋಡಿ, ರೆಕಾರ್ಡ್ ಆಗ್ತಿದೆಯಾ ಅಂತ.