ಡೆಲಿವರಿ ಬೈಕಿನ ಆಯಿಲ್ ಮತ್ತು ಫಿಲ್ಟರ್: ಆಯ್ಕೆ ಮಾಡುವುದು ಹೇಗೆ?

ಈಗ ನಮ್ಮ ಹೋಟೆಲುಗಳ ಪಾರ್ಸೆಲ್ ಆರ್ಡರಿನಲ್ಲಿ ದೊಡ್ಡ ಪಾಲು ಆ್ಯಪ್ ಕಂಪೆನಿಗಳ ಹುಡುಗರ ಕೈಯಲ್ಲಿ ಹೋಗುತ್ತದೆ, ನಿಜ. ಆದರೂ ಆಫೀಸುಗಳ ಊಟದ ಡಬ್ಬ, ಹತ್ತಿರದ ಸೊಸೈಟಿಗಳ ಖಾಯಂ ಗಿರಾಕಿಗಳ ಇಡ್ಲಿ-ವಡೆ, ಕೇಟರಿಂಗಿನ ಸಣ್ಣಪುಟ್ಟ ಸಾಮಾನು, ಬೆಳಗ್ಗಿನ ಮಾರ್ಕೆಟ್ ಕೆಲಸ ಎಂದು ಎರಡು-ಮೂರು ಸ್ವಂತ ಬೈಕು ಇಟ್ಟುಕೊಳ್ಳದ ಮಾಲಕರು ಕಡಿಮೆ. ಗ್ರೈಂಡರ್ ಕೆಟ್ಟರೆ ಅರ್ಧ ಗಂಟೆಯೊಳಗೆ ರಿಪೇರಿಯವನನ್ನು ಕರೆಸುವ ನಾವು ಈ ಬೈಕುಗಳ ವಿಷಯದಲ್ಲಿ ಮಾತ್ರ "ಓಡುತ್ತಾ ಉಂಟಲ್ಲ" ಎಂದು ಸುಮ್ಮನಿರುತ್ತೇವೆ.

ನಾನೂ ಹಾಗೆಯೇ ಇದ್ದವನು. ನಮ್ಮ ಪಲ್ಸರ್ 150 ಒಂದು ಶನಿವಾರ ಸಂಜೆ, ಎಪ್ಪತ್ತು ಊಟದ ಆರ್ಡರ್ ಕೈಯಲ್ಲಿರುವಾಗ ಎಂಜಿನ್‌ನಿಂದ ಕಟಕಟ ಸದ್ದು ಮಾಡಿ ನಿಂತಿತು. ಊಟವನ್ನು ಎರಡು ರಿಕ್ಷಾದಲ್ಲಿ ಕಳಿಸಿದೆವು. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಫಿಲ್ಟರಿನ ಕಾಗದ ತನ್ನ ಮುಚ್ಚಳದ ಅಂಟಿನಿಂದ ಬಿಟ್ಟುಕೊಂಡು ಒಂದು ಬದಿಗೆ ಕುಸಿದಿತ್ತು. ನೋಡಲು ಒರಿಜಿನಲ್‌ನಂತೆಯೇ ಇದ್ದ ಪೆಟ್ಟಿಗೆಯಲ್ಲಿ ಬಂದ ಫಿಲ್ಟರ್ ಅದು. ಅದರಲ್ಲಿ ಉಳಿಸಿದ್ದು ಮೂವತ್ತೋ ನಲವತ್ತೋ ರೂಪಾಯಿ. ಪಿಸ್ಟನ್, ಬೋರ್ ಎಲ್ಲ ಸೇರಿ ಖರ್ಚು ಎಷ್ಟಾಯಿತೆಂದು ಬರೆಯುವುದಿಲ್ಲ, ಓದುವವರಿಗೇ ಅಂದಾಜಿದೆ. ಆ ಮೇಲೆ ಈ ವಿಷಯವನ್ನು ಸ್ವಲ್ಪ ಕುಳಿತು ತಿಳಿದುಕೊಂಡೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಫಿಲ್ಟರ್ ಚೆನ್ನಾಗಿದ್ದರೆ ಆಯಿಲ್ ಎಷ್ಟು ದಿನವಾದರೂ ನಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ನಮ್ಮ ಬಜ್ಜಿ ಬಾಣಲೆಯನ್ನೇ ನೆನಪಿಸಿಕೊಳ್ಳಿ. ಎಣ್ಣೆ ಸೋಸಿದರೆ ಕರಿದ ಹಿಟ್ಟಿನ ಚೂರುಗಳು ಹೋಗುತ್ತವೆಯೇ ವಿನಾ ಕಾದು ಕಾದು ಒಡೆದ ಎಣ್ಣೆ ಹೊಸತಾಗುವುದಿಲ್ಲ. ಅದಕ್ಕೇ ಅಲ್ಲವೇ, ಪೋಲಾರ್ ಅಂಶ ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಇರುವುದು? ಬೈಕಿನಲ್ಲೂ ಅಷ್ಟೇ. ಫಿಲ್ಟರ್ ತಡೆಯುವುದು ಲೋಹದ ಪುಡಿ, ಮಸಿಯ ಗಂಟು, ಧೂಳು ಮಾತ್ರ. ಆಯಿಲ್‌ಗೆ ಸೇರಿದ ಪೆಟ್ರೋಲ್, ನೀರು, ಆಮ್ಲ ಇವೆಲ್ಲ ಕಾಗದದ ಮೂಲಕ ಆರಾಮವಾಗಿ ಹಾದುಹೋಗುತ್ತವೆ. ಒಂದು ವ್ಯತ್ಯಾಸ ಮಾತ್ರ ಇದೆ: ಕರಿಯುವ ಎಣ್ಣೆ ಕಪ್ಪಾದರೆ ನಮಗೆ ಅಪಾಯದ ಸೂಚನೆ, ಎಂಜಿನ್ ಆಯಿಲ್ ಕಪ್ಪಾಗುವುದು ಅದರ ಕೆಲಸದ ಒಂದು ಭಾಗ. ಅದರಲ್ಲಿರುವ ಡಿಟರ್ಜೆಂಟ್ ಮಸಿಯನ್ನು ಹಿಡಿದು ತೇಲಿಸಿ ಇಡುವುದರಿಂದಲೇ ಅದು ಕಪ್ಪಾಗುತ್ತದೆ. ಬಣ್ಣ ನೋಡಿ ಆಯಿಲ್ ಬದಲಿಸುವುದೂ ತಪ್ಪು, ಬಣ್ಣ ತಿಳಿಯಾಗಿದೆ ಎಂದು ಮುಂದೂಡುವುದೂ ತಪ್ಪು.

ಇನ್ನು ನಿಮ್ಮ ಬೈಕಿನಲ್ಲಿ ಫಿಲ್ಟರ್ ಇದೆಯೇ ಎಂಬುದೇ ಪ್ರಶ್ನೆ. ಇದನ್ನು ಕೇಳಿದರೆ ನಗುವವರಿದ್ದಾರೆ. ಆದರೆ ಡೆಲಿವರಿಗೆ ಅತಿ ಹೆಚ್ಚು ಬಳಕೆಯಲ್ಲಿರುವ ಸ್ಪ್ಲೆಂಡರ್‌ನಲ್ಲಿ ನಾವು ಅಂಗಡಿಯಲ್ಲಿ ಕೊಳ್ಳುವಂಥ ಕಾಗದದ ಫಿಲ್ಟರ್ ಇಲ್ಲವೇ ಇಲ್ಲ. ಅದರಲ್ಲಿರುವುದು ಒಂದು ತಂತಿ ಜಾಲರಿ ಮತ್ತು ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ತಿರುಗುವ ಒಂದು ಸಣ್ಣ ಬಟ್ಟಲು. ಬಟ್ಟಲು ವೇಗವಾಗಿ ತಿರುಗುವಾಗ ಭಾರದ ಕೊಳೆ ಹೊರ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ, ತಿಳಿಯಾದದ್ದು ಮುಂದೆ ಹೋಗುತ್ತದೆ. ಮಜ್ಜಿಗೆ ಕಡೆಯುವ ಲೆಕ್ಕ ಎನ್ನಿ. ಆಕ್ಟಿವಾದಂಥ ಸ್ಕೂಟರಿನಲ್ಲಂತೂ ಜಾಲರಿ ಮಾತ್ರ. ಇಂಥ ಗಾಡಿಗಳಲ್ಲಿ ಸಣ್ಣ ಕೊಳೆ ಹೊರಗೆ ಹೋಗುವುದು ಆಯಿಲ್ ಬದಲಿಸಿದಾಗ ಮಾತ್ರ. ಸ್ಪ್ಲೆಂಡರಿನ ಆ ಬಟ್ಟಲನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಂತರಕ್ಕೆ ತೆಗೆದು ತೊಳೆಯಬೇಕು. ಅದಕ್ಕೆ ಬಲಗಡೆಯ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಬೇಕು, ಒಂದು ಗಂಟೆಯ ಕೆಲಸ. ಆದ್ದರಿಂದ ಹೆಚ್ಚಿನ ಗ್ಯಾರೇಜಿನವರು ಅದನ್ನು ಮುಟ್ಟುವುದೇ ಇಲ್ಲ, ನಾವೂ ಕೇಳುವುದಿಲ್ಲ. ಕೇಳಬೇಕು. ವರ್ಷಗಟ್ಟಲೆ ಬಿಚ್ಚದ ಬಟ್ಟಲಿನೊಳಗೆ ಜೇಡಿಮಣ್ಣಿನಂಥ ಕಪ್ಪು ಮುದ್ದೆ ಕುಳಿತಿರುತ್ತದೆ.

ಪಲ್ಸರ್, ಅಪಾಚೆ, ಯಮಹಾ ಎಫ್‌ಝಡ್, ಬುಲೆಟ್ ಮುಂತಾದವುಗಳಲ್ಲಿ ಕಾಗದದ ಫಿಲ್ಟರ್ ಇದೆ. ಅಲ್ಲಿ ಗುಣಮಟ್ಟದ ಹೋಲಿಕೆಗೆ ಅರ್ಥವಿದೆ. ಎರಡು ಕಂಪೆನಿಗಳ ಫಿಲ್ಟರನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಕಾಗದದ ಬಣ್ಣ ಹಳದಿಯೋ ಕಂದೋ ಎಂಬುದು ಮುಖ್ಯವಲ್ಲ. ಮಡಿಕೆಗಳು ಒಂದೇ ಅಂತರದಲ್ಲಿವೆಯೇ ನೋಡಿ. ಕೆಲವು ಅಗ್ಗದ ಫಿಲ್ಟರುಗಳಲ್ಲಿ ಒಂದು ಕಡೆ ಮಡಿಕೆಗಳು ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಸಡಿಲವಾಗಿ ಇರುತ್ತವೆ. ಮಡಿಕೆ ಹೆಚ್ಚಾದಷ್ಟೂ ಒಳ್ಳೆಯದು ಎಂದೂ ಅಲ್ಲ, ತೀರಾ ಇಕ್ಕಟ್ಟಾದರೆ ಒಂದಕ್ಕೊಂದು ಅಂಟಿ ಆಯಿಲ್ ಒಳಗೆ ಹೋಗಲು ಜಾಗವಿರುವುದಿಲ್ಲ. ಕಾಗದ ಮೇಲಿನ ಮತ್ತು ಕೆಳಗಿನ ಮುಚ್ಚಳಕ್ಕೆ ಸುತ್ತಲೂ ಅಂಟಿಕೊಂಡಿದೆಯೇ ಎಂದು ಉಗುರಿನಿಂದ ಮೆಲ್ಲಗೆ ಪರೀಕ್ಷಿಸಿ. ನಮ್ಮ ಬೈಕಿನದ್ದು ಬಿಟ್ಟುಕೊಂಡದ್ದು ಅಲ್ಲೇ. ಒಳಗಿನ ತೂತುಗಳ ಕೊಳವೆಯನ್ನು ಎರಡು ಬೆರಳಿನಿಂದ ಒತ್ತಿದರೆ ತಗ್ಗಬಾರದು. ರಬ್ಬರ್ ಮೆದುವಾಗಿರಬೇಕು, ಬಿರುಕು ಬಿಟ್ಟಿರಬಾರದು.

ಕಣ್ಣಿಗೆ ಕಾಣದ ಗುಣ ಒಂದಿದೆ, ಅದು ಎಷ್ಟು ಸಣ್ಣ ಕಣವನ್ನು ಹಿಡಿಯುತ್ತದೆ ಎಂಬುದು. ಪೆಟ್ಟಿಗೆಯ ಮೇಲೆ "20 ಮೈಕ್ರಾನ್" ಎಂದು ಬರೆದಿರುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಇದು ಎಷ್ಟು ಸಣ್ಣದೆಂದು ತಿಳಿಯುತ್ತದೆ. ಆದರೆ 20 ಮೈಕ್ರಾನಿನ ನೂರು ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಐವತ್ತು ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ, ತೊಂಬತ್ತೆಂಟು ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ. ಇದನ್ನು ಅಳೆಯಲು ಐಎಸ್ಒ 4548 ಎಂಬ ಅಂತಾರಾಷ್ಟ್ರೀಯ ಮಾನದಂಡದ 12ನೇ ಭಾಗದಲ್ಲಿ ಪರೀಕ್ಷಾ ವಿಧಾನವಿದೆ. ಆ ಪರೀಕ್ಷೆಯ ಫಲಿತಾಂಶ ಮುದ್ರಿಸಿದ ಬೈಕ್ ಫಿಲ್ಟರ್ ನಮ್ಮ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಇನ್ನು ಕಾಗದ ತೀರಾ ನುಣುಪಾಗಿದ್ದರೂ ಕಷ್ಟವೇ: ಆಯಿಲ್ ಹಾದುಹೋಗಲು ತಡವಾದರೆ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಕಾಗದದ ಫಿಲ್ಟರಿನಲ್ಲಿ ಪ್ರಯೋಗ ಬೇಡ. ನೂರು ರೂಪಾಯಿ ಆಸುಪಾಸಿನ ವಸ್ತು, ಬೈಕ್ ಕಂಪೆನಿಯ ಅಧಿಕೃತ ಅಂಗಡಿಯಿಂದಲೇ ಬಿಲ್ ಸಮೇತ ತೆಗೆದುಕೊಳ್ಳಿ. ಹಾಕುವಾಗ ದಿಕ್ಕು ತಪ್ಪಬಾರದು. ಕೆಲವು ಫಿಲ್ಟರುಗಳ ಮೇಲೆ "ಹೊರಬದಿ" ಎಂಬರ್ಥದ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅದನ್ನು ತಿರುಗಿಸಿ ಹಾಕಿದರೆ ಆಯಿಲ್ ದಾರಿಯೇ ಮುಚ್ಚಿಹೋಗಬಹುದು.

ಇನ್ನು ಆಯಿಲ್. ಡಬ್ಬದ ಮೇಲೆ ಮೂರು ಸಂಗತಿ ಓದಬೇಕು. ಮೊದಲನೆಯದು 10ಡಬ್ಲ್ಯೂ-30, 20ಡಬ್ಲ್ಯೂ-50 ಎಂಬ ದಪ್ಪದ ಅಂಕಿ. ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಹೇಳುತ್ತದೆ, ಎರಡನೆಯದು ಕಾದಾಗಿನ ದಪ್ಪ. ಸ್ಪ್ಲೆಂಡರ್, ಶೈನ್, ಆಕ್ಟಿವಾಗಳಿಗೆ 10ಡಬ್ಲ್ಯೂ-30, ಬುಲೆಟ್ 350ಕ್ಕೆ 15ಡಬ್ಲ್ಯೂ-50, ಪಲ್ಸರಿನ ಹಲವು ಮಾದರಿಗಳಿಗೆ 20ಡಬ್ಲ್ಯೂ-50. "ಚೆನ್ನೈ ಸೆಖೆಗೆ ದಪ್ಪದ್ದೇ ಒಳ್ಳೆಯದು ಸಾರ್" ಎಂದು ಹೇಳುವ ಮೆಕ್ಯಾನಿಕ್‌ಗಳಿದ್ದಾರೆ. ಕಂಪೆನಿಯವರು ಅಂಕಿ ನಿಗದಿ ಮಾಡುವಾಗ ನಮ್ಮ ದೇಶದ ಸೆಖೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ದೆಹಲಿಯ ಜನವರಿ ಬೆಳಗ್ಗೆ ಸ್ಪ್ಲೆಂಡರಿಗೆ 20ಡಬ್ಲ್ಯೂ-50 ಹಾಕಿ ಕಿಕ್ ಹೊಡೆದವರಿಗೆ ಅದರ ಫಲ ಗೊತ್ತು.

ಎರಡನೆಯದು ಅಮೆರಿಕದ ಎಪಿಐ ದರ್ಜೆ: ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್ ಹೀಗೆ ಅಕ್ಷರ ಮುಂದಕ್ಕೆ ಹೋದಷ್ಟೂ ಹೊಸ ದರ್ಜೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದು ಅಥವಾ ಅದರ ಮೇಲಿನದು ಇದ್ದರೆ ಸಾಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಅದನ್ನೇ ಯಾರೂ ನೋಡುವುದಿಲ್ಲ. ಜಾಸೊ ಎಂಬ ಜಪಾನಿ ಮಾನದಂಡದ ಗುರುತು. ಗೇರ್ ಬೈಕಿನಲ್ಲಿ ಕ್ಲಚ್ಚು ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರಿನ ಆಯಿಲ್‌ಗಳಲ್ಲಿ ಮೈಲೇಜ್ ಹೆಚ್ಚಿಸಲು ಜಾರುಗುಣದ ರಾಸಾಯನಿಕಗಳನ್ನು ಸೇರಿಸತೊಡಗಿದಾಗ ಬೈಕುಗಳ ಕ್ಲಚ್ ಪ್ಲೇಟು ಜಾರತೊಡಗಿತು. ಆದ್ದರಿಂದ 1998ರಲ್ಲಿ ಜಪಾನಿನವರು ಬೈಕಿನ ಆಯಿಲ್‌ಗೇ ಬೇರೆ ಮಾನದಂಡ ಮಾಡಿದರು. ಕ್ಲಚ್ಚು ಹಿಡಿಯುವಂಥದ್ದು ಎಂಎ, ಜಾರುವಂಥದ್ದು ಎಂಬಿ. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ವಿಂಗಡಿಸಿದರು, ಎಂಎ2ದಲ್ಲಿ ಹಿಡಿತ ಹೆಚ್ಚು. ಗೇರ್ ಬೈಕಿಗೆ ಎಂಎ ಅಥವಾ ಎಂಎ2 ಬೇಕೇ ಬೇಕು. ಆಕ್ಟಿವಾದಂಥ ಸ್ಕೂಟರಿನ ಕ್ಲಚ್ಚು ಬೆಲ್ಟಿನ ಜೊತೆ ಹೊರಗೆ ಒಣಗಿಯೇ ಇರುವುದರಿಂದ ಅದಕ್ಕೆ ಎಂಬಿ ಕೊಡುತ್ತಾರೆ, ಸ್ವಲ್ಪ ಮೈಲೇಜ್ ಸಿಗುತ್ತದೆ.

ನಮ್ಮವರು ಎಡವುವುದು ಇಲ್ಲೇ. ನಮ್ಮದು ಡಬ್ಬಗಟ್ಟಲೆ ಸಾಮಾನು ತರುವ ಅಭ್ಯಾಸ. ಸ್ಕೂಟರಿಗೆಂದು ತಂದ ಆಯಿಲ್ ಉಳಿದರೆ ಬೈಕಿಗೆ ಸುರಿಯುತ್ತೇವೆ, ಮಾಲಕರ ಕಾರಿನ ಸರ್ವಿಸ್ ಮಾಡಿ ಉಳಿದದ್ದೂ ಅಲ್ಲಿಗೇ. ಕೆಲವೇ ದಿನಗಳಲ್ಲಿ ಫ್ಲೈಓವರ್ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎಲ್ಲ ಗಾಡಿಗೂ ಒಂದೇ ಆಯಿಲ್ ಇಡಬೇಕೆಂದಿದ್ದರೆ, ಸ್ಪ್ಲೆಂಡರ್ ಮತ್ತು ಆಕ್ಟಿವಾ ಎರಡೂ ಇರುವವರು 10ಡಬ್ಲ್ಯೂ-30 ಎಂಎ2 ಇಡಲಿ. ಸ್ಕೂಟರಿಗೆ ಅದರಿಂದ ಹಾನಿಯಿಲ್ಲ, ಮೈಲೇಜ್ ಒಂದಿಷ್ಟು ಕಡಿಮೆಯಾದೀತು. ತಿರುಗಾಮುರುಗಾ ಮಾಡಬೇಡಿ. ಹಳೆಯ ಟೂ-ಸ್ಟ್ರೋಕ್ ಗಾಡಿ ಇಟ್ಟುಕೊಂಡವರಿಗೆ ಇದು ಯಾವುದೂ ಅನ್ವಯಿಸದು, ಅವರ ಆಯಿಲ್ ಪೆಟ್ರೋಲಿನ ಜೊತೆ ಸುಟ್ಟೇ ಹೋಗುತ್ತದೆ.

ಫುಲ್ ಸಿಂಥೆಟಿಕ್ ಹಾಕಬೇಕೇ ಎಂದು ಕೇಳುವವರುಂಟು. ಅದು ಹೆಚ್ಚು ಶಾಖ ತಡೆಯುತ್ತದೆ, ನಿಜ. ಆದರೆ ಡೆಲಿವರಿ ಬೈಕಿನ ತೊಂದರೆ ಬೇರೆ. ಎರಡು ಕಿ.ಮೀ. ಹೋಗಿ ನಿಲ್ಲಿಸಿ, ಮತ್ತೆ ಎರಡು ಕಿ.ಮೀ. ಬರುವ ಗಾಡಿಯ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ತೇವ, ಪೆಟ್ರೋಲ್ ಆವಿಯಾಗದೆ ಅಲ್ಲೇ ಉಳಿಯುತ್ತದೆ. ಮುಂಬಯಿ ಮಳೆಗಾಲದಲ್ಲಿ ಆಯಿಲ್ ಅಳೆಯುವ ಕಡ್ಡಿಯ ಮೇಲೆ ಹಾಲಿನ ಕಾಫಿಯಂಥ ನೊರೆ ಕಂಡರೆ ಅದು ಇದೇ. ಸಿಂಥೆಟಿಕ್ ಇದಕ್ಕೆ ಮದ್ದಲ್ಲ. ಅದೇ ಹಣದಲ್ಲಿ ಸಾಧಾರಣ ಒಳ್ಳೆಯ ಆಯಿಲನ್ನು ಬೇಗ ಬದಲಿಸುವುದು ಲಾಭ.

ಎಷ್ಟು ಬೇಗ? ಕಿ.ಮೀ. ಲೆಕ್ಕ ನಮಗೆ ಮೋಸ ಮಾಡುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಹೋಗುವ ಗಾಡಿ 3000 ಕಿ.ಮೀ. ಮುಗಿಸಲು ಎಂಜಿನ್ 60 ಗಂಟೆ ಓಡಿದರೆ ಸಾಕು. ಅಂಧೇರಿಯ ಟ್ರಾಫಿಕ್‌ನಲ್ಲಿ ಸರಾಸರಿ 15 ಕಿ.ಮೀ. ವೇಗದ ಗಾಡಿಗೆ ಅದೇ 3000 ಕಿ.ಮೀ.ಗೆ 200 ಗಂಟೆ. ಮೀಟರ್ ಒಂದೇ, ಆಯಿಲ್ ಪಟ್ಟ ಪಾಡು ಮೂರು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂತರದ ಅರ್ಧಕ್ಕೇ ಬದಲಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ನಡುವೆ ಪ್ರತಿ ಸೋಮವಾರ ಕಡ್ಡಿ ತೆಗೆದು ಮಟ್ಟ ನೋಡುತ್ತೇವೆ. ಸ್ಪ್ಲೆಂಡರಿನಲ್ಲಿ ಇರುವುದೇ ಒಂದು ಲೀಟರಿಗೆ ಒಳಗೆ, ಅದರಲ್ಲಿ ಕಾಲು ಲೀಟರ್ ಸುಟ್ಟುಹೋದರೂ ದೊಡ್ಡ ನಷ್ಟ. ಗಾಡಿ ಓಡಿಸುವ ಹುಡುಗ "ಗೇರ್ ಗಟ್ಟಿಯಾಗುತ್ತಿದೆ ಅಣ್ಣಾ" ಎಂದರೆ ಗದರಿಸಬೇಡಿ. ಬೈಕಿನ ಆಯಿಲನ್ನು ಗೇರುಗಳ ಹಲ್ಲು ಅರೆದು ತೆಳುವಾಗಿಸುತ್ತದೆ, ಅದರ ಮೊದಲ ಸುಳಿವು ಸಿಗುವುದು ಅವನ ಕಾಲಿಗೇ.

ಆಯಿಲ್ ಬದಲಿಸುವಾಗ ಮಾಲಕರೋ ಮ್ಯಾನೇಜರೋ ಒಬ್ಬರು ಎದುರು ನಿಲ್ಲುವುದು ಒಳ್ಳೆಯದು. ಸೀಲ್ ಇದ್ದ ಡಬ್ಬವನ್ನು ಎದುರಿಗೇ ಒಡೆಯಲಿ. ಖಾಲಿ ಡಬ್ಬಕ್ಕೆ ತೂತು ಮಾಡಿ ಕೊಡಿ, ಇಲ್ಲದಿದ್ದರೆ ಅದೇ ಡಬ್ಬದಲ್ಲಿ ಬೇರೇನೋ ತುಂಬಿ ಇನ್ನೊಬ್ಬರಿಗೆ ಮಾರುವವರಿದ್ದಾರೆ. ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರ್ ಕವರಿನ ರಬ್ಬರ್ ರಿಂಗ್ ಹೊಸದು ಹಾಕಿಸಿ. ತೆಗೆದ ಹಳೆಯ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ಅಡುಗೆಮನೆಯ ಗಟಾರಕ್ಕೆ ಬಿಡಿಸಬೇಡಿ. ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟರೆ ಅಲ್ಲಿಂದ ಮರುಸಂಸ್ಕರಣೆಗೆ ಹೋಗುತ್ತದೆ. ನಮ್ಮಲ್ಲಿ ಗಲ್ಲಾದ ಹಿಂದೆ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕು ಬರೆಯುವ ಪುಸ್ತಕದಲ್ಲೇ ಈಗ ಮೂರು ಬೈಕಿಗೂ ಒಂದೊಂದು ಪುಟ ಇದೆ: ತಾರೀಕು, ಮೀಟರ್, ಯಾವ ಆಯಿಲ್, ಫಿಲ್ಟರ್ ಹಾಕಿದ್ದೋ ಇಲ್ಲವೋ, ಯಾರು ಎದುರಿದ್ದರು.