ಕೋಲು ಕಿತ್ಕೊಂಡ್ವಿ, ಕೈಗೆ ಏನು ಕೊಟ್ವಿ?

ಮೇಷ್ಟ್ರು ಹುಡುಗನಿಗೆ ಹೊಡೆದ ವಿಡಿಯೋ ವೈರಲ್ ಆದರೆ ನಮ್ಮ ನ್ಯೂಸ್‌ರೂಮಿಗೆ ಹಬ್ಬ. ಕೆಂಪು ಸರ್ಕಲ್ ಹಾಕಿ, ಅದೇ ಏಟನ್ನು ಇಪ್ಪತ್ತು ಸಲ ತೋರಿಸಿ, ‘ಇವರು ಶಿಕ್ಷಕರಾ, ರಾಕ್ಷಸರಾ?’ ಅಂತ ಕೇಳ್ತೀವಿ. ನಾನೂ ಕೇಳಿದ್ದೀನಿ. ಅಂಥ ಒಂದು ಶೋ ಮುಗಿದ ರಾತ್ರಿ ಕಿಬ್ಬನಹಳ್ಳಿಯಿಂದ ಚಿಕ್ಕಮ್ಮನ ಫೋನ್ ಬಂತು. ಅವರು ಆ ಕಡೆಯ ಒಂದು ಶಾಲೆಯಲ್ಲಿ ಆರರಿಂದ ಎಂಟನೇ ಕ್ಲಾಸಿನವರೆಗೆ ಗಣಿತ ಹೇಳಿಕೊಡ್ತಾರೆ. “ಹೊಡೆದಿದ್ದು ತಪ್ಪೇ ಕಣಪ್ಪ. ಆದ್ರೆ ಕೋಲು ಕಿತ್ಕೊಂಡ್ರಲ್ಲ, ಬದಲಿಗೆ ಕೈಗೆ ಏನು ಕೊಟ್ರಿ ಅಂತ ನಿಮ್ಮಲ್ಲಿ ಒಬ್ಬರೂ ಯಾಕೆ ಕೇಳಲಿಲ್ಲ?”

ಕಾನೂನೇನೋ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಮಾಡುವಂತಿಲ್ಲ. ಹುಣಸೆ ಬರಲು ಔಟ್, ಬಸ್ಕಿ ಔಟ್, ‘ದನ ಕಾಯೋಕೆ ಹೋಗು’ ಅನ್ನೋದೂ ಔಟ್. ಒಳ್ಳೇದೇ ಆಯ್ತು. ಆದರೆ ಅದೇ ಕಾಯ್ದೆ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು ಅನ್ನುತ್ತೆ. ಅದರ ಮೇಲೆ ಯಾರೂ ಡಿಬೇಟ್ ಮಾಡಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಚಿಕ್ಕ ಮಕ್ಕಳ ಕ್ಲಾಸ್‌ರೂಮನ್ನೇ ಬದಲಿಸಿತು. ಅದು ಮೂರನೇ ತರಗತಿಗೇ ನಿಂತಿತು. ಮೀಸೆ ಚಿಗುರೋ ವಯಸ್ಸಿನವರ ಕ್ಲಾಸು ಹಾಗೇ ಉಳೀತು.

ಊರಿಗೆ ಹೋದಾಗ ಚಿಕ್ಕಮ್ಮನ ಎಂಟನೇ ಕ್ಲಾಸಿನ ಹಿಂದಿನ ಬೆಂಚಲ್ಲಿ ಒಂದು ಪೀರಿಯಡ್ ಕೂತೆ. ಅವರು ಒಳಗೆ ಬರೋ ಮುಂಚೆಯೇ ಬೋರ್ಡ್ ಮೇಲೆ ಒಂದು ಲೆಕ್ಕ ಇತ್ತು. ಮಕ್ಕಳು ಕೂತು ಅದನ್ನೇ ಬಿಡಿಸ್ತಿದ್ರು. “ಗಲಾಟೆ ಹುಟ್ಟೋದು ಖಾಲಿ ಐದು ನಿಮಿಷದಲ್ಲಿ,” ಅಂದ್ರು ಆಮೇಲೆ. ಇಬ್ಬರು ಹುಡುಗರು ಗುಸುಗುಸು ಶುರು ಮಾಡಿದರೆ, ಪಾಠ ನಿಲ್ಲಿಸದೆ ನಡೀತಾ ಹೋಗಿ ಅವರ ಪಕ್ಕ ನಿಲ್ಲೋರು. ಹೆಸರು ಹಿಡಿದು ಕೂಗಲಿಲ್ಲ. ಹನ್ನೆರಡು ಹದಿಮೂರರ ಹುಡುಗನನ್ನು ಎಲ್ಲರೆದುರು ಬೈದರೆ ಅವನು ಮಾನ ಉಳಿಸಿಕೊಳ್ಳೋಕೆ ತಿರುಗಿ ಮಾತಾಡಲೇಬೇಕು, ಜಗಳ ಅಲ್ಲಿಂದ. ಹೇಳೋದನ್ನು ಆಮೇಲೆ ವರಾಂಡದಲ್ಲಿ ಹೇಳ್ತಾರೆ.

ನಾನು ಓದಿದ್ದು ಇಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು, ಕಷ್ಟಪಟ್ಟು ಪಾಸಾದೆ ಬಿಡಿ. ಅದರಲ್ಲಿ ತಲೆಗೆ ಹತ್ತಿದ್ದು ಇಷ್ಟೇ: ಬಾಯ್ಲರ್ ಸಿಡಿದ ಮೇಲೆ ವಾಲ್ವ್ ತಿರುಗಿಸೋದು ಕಂಟ್ರೋಲ್ ಅಲ್ಲ, ಒತ್ತಡ ಚೂರು ಏರಿದಾಗಲೇ ಚೂರು ತಿರುಗಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ಕ್ಲಾಸ್‌ರೂಮುಗಳನ್ನು ವಿಡಿಯೋ ಮಾಡಿ ನೋಡಿ 1970ರಲ್ಲಿ ಬರೆದ ಪುಸ್ತಕದಲ್ಲೂ ಹೆಚ್ಚುಕಮ್ಮಿ ಇದೇ ಇದೆ. ತಪ್ಪಾದ ಮೇಲೆ ಮೇಷ್ಟ್ರು ಹೇಗೆ ಬೈತಾರೆ ಅನ್ನೋದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಅವನಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮುಂಚೆ: ತಲೆ ಹಿಂದೆಯೂ ಕಣ್ಣಿದ್ದಂತೆ ಇಡೀ ಕ್ಲಾಸನ್ನು ಗಮನಿಸೋದರಲ್ಲಿ, ಒಂದು ಪಾಠದಿಂದ ಇನ್ನೊಂದಕ್ಕೆ ತಡವರಿಸದೆ ದಾಟೋದರಲ್ಲಿ. ಚಿಕ್ಕಮ್ಮ ಕೌನಿನ್ ಹೆಸರೇ ಕೇಳಿಲ್ಲ.

ಆ ಕ್ಲಾಸಲ್ಲಿ ಒಬ್ಬ ಹುಡುಗ ತಲೆ ಬಾಗಿಸಿ ನಿದ್ದೆ ಹೊಡೀತಿದ್ದ. ಎಬ್ಬಿಸಲಿಲ್ಲ. ತಿಪಟೂರು ಮಾರ್ಕೆಟ್ಟಿಗೆ ಮಾಲು ಹೋಗೋ ಹಿಂದಿನ ರಾತ್ರಿ ಅವನ ಮನೇಲಿ ಎಲ್ಲರೂ ಕೂತು ಕೊಬ್ಬರಿ ಸುಲೀತಾರಂತೆ. “ಮೊದಲ ಸಲ ನಾನೂ ಬೈದಿದ್ದೆ. ಆಮೇಲೆ ಕೇಳಿದೆ.” ಎಲ್ಲ ದಿನವೂ ಹೀಗೇ ನಡೆಯಲ್ಲ ಅಂತಲೂ ಅವರೇ ಹೇಳಿದ್ರು. ಇನ್ನೊಬ್ಬರು ರಜೆ ಹಾಕಿ ಎರಡು ಕ್ಲಾಸು ಒಟ್ಟಿಗೆ ಕೂರಿಸಿದ ದಿನ ಗಂಟಲು ಹರಿಯೋ ಹಾಗೆ ಕಿರುಚಿದ್ದೂ ಉಂಟಂತೆ.

“ಇದನ್ನೆಲ್ಲ ತರಬೇತೀಲಿ ಹೇಳಿಕೊಟ್ರಾ ಚಿಕ್ಕಮ್ಮ?”

“ಹೊಡೀಬಾರದು ಅಂತ ಹೇಳಿದ್ರಪ್ಪ. ಆಮೇಲೆ ಟೀ ಕೊಟ್ರು.”