ಕರುಳಿನ ಶುದ್ಧಿಯೂ ರಕ್ತದೊತ್ತಡದ ಮಾತ್ರೆಯೂ

ದೊಡ್ಡ ಕರುಳಿನ ಒಳಭಾಗವನ್ನು ಪರೀಕ್ಷಿಸುವ ಕೊಲೊನೋಸ್ಕೋಪಿಗೆ ಮುನ್ನ ಕರುಳು ಪೂರ್ಣವಾಗಿ ಶುದ್ಧವಾಗಿರಬೇಕು. ಅದಕ್ಕಾಗಿ ವೈದ್ಯರು ಭೇದಿಯ ಔಷಧಿಯನ್ನು ಕೊಡುತ್ತಾರೆ. ಬಹುಮಂದಿಗೆ ಇದು ಒಂದು ದಿನದ ಆಯಾಸವಷ್ಟೇ. ಆದರೆ ಅಧಿಕ ರಕ್ತದೊತ್ತಡವುಳ್ಳವರು ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಅವಶ್ಯ. ‘ಹೇಗೂ ಉಪವಾಸವಲ್ಲವೇ’ ಎಂದು ಕೆಲವರು ಎಲ್ಲ ಮಾತ್ರೆಗಳನ್ನೂ ಬಿಡುತ್ತಾರೆ. ಕೆಲವರು ಎಲ್ಲವನ್ನೂ ಎಂದಿನಂತೆ ಸೇವಿಸುತ್ತಾರೆ. ವೈದ್ಯರನ್ನು ಕೇಳದೆ ಮಾಡುವ ಈ ಎರಡೂ ನಿರ್ಧಾರಗಳು ಅಪಾಯಕರ.

ಯಾವ ಔಷಧಿ?

ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳನ್ನು ಕೂಡಿಸಿದ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಯುವುದು ಈಗ ಹೆಚ್ಚು ರೂಢಿಯಲ್ಲಿದೆ. ಇದು ಶರೀರದ ನೀರನ್ನು ಕರುಳಿಗೆ ಹೆಚ್ಚಾಗಿ ಸೆಳೆಯುವುದಿಲ್ಲ. ಸೋಡಿಯಂ ಫಾಸ್ಫೇಟ್ ದ್ರಾವಣವಾದರೋ ನೀರನ್ನು ಬಲವಾಗಿ ಸೆಳೆಯುತ್ತದೆ. ಕೆಲವರಲ್ಲಿ ಫಾಸ್ಫೇಟ್ ಹರಳುಗಳು ಮೂತ್ರಪಿಂಡದಲ್ಲಿ ಸಂಗ್ರಹವಾಗಿ ಶಾಶ್ವತ ಹಾನಿಯಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ಈ ಕುರಿತು ತೀವ್ರ ಎಚ್ಚರಿಕೆಯನ್ನು ನೀಡಿತು. ವೃದ್ಧರು, ಮೂತ್ರಪಿಂಡದ ತೊಂದರೆಯುಳ್ಳವರು, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರು ಈ ಅಪಾಯಕ್ಕೆ ಹೆಚ್ಚು ಒಳಗಾಗುತ್ತಾರೆ.

ಮಾತ್ರೆಗಳ ವಿಚಾರ

ಭೇದಿಯಿಂದ ನೀರು ಮತ್ತು ಲವಣ ಕಳೆದುಹೋಗುವಾಗ ಹೈಡ್ರೋಕ್ಲೋರೋಥಯಾಜೈಡ್, ಫ್ಯುರೋಸೆಮೈಡ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆಗಳು ಆ ನಷ್ಟವನ್ನು ಇಮ್ಮಡಿಗೊಳಿಸಬಲ್ಲವು. ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೋಸಾರ್ಟನ್ ಮೊದಲಾದವು ನಿರ್ಜಲಗೊಂಡ ಶರೀರದಲ್ಲಿ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಆದ್ದರಿಂದ ವೈದ್ಯರು ಇವುಗಳನ್ನು ಕೆಲವರಿಗೆ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಇದಕ್ಕೆ ಪ್ರತಿಯಾಗಿ ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್‌ಗಳನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡವೂ ಹೃದಯದ ಬಡಿತವೂ ಏರಬಹುದು. ಇವನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನೊಡನೆ ಮುಂದುವರಿಸಲಾಗುತ್ತದೆ. ಭೇದಿಯ ಔಷಧಿಗೆ ತೀರ ಸಮೀಪದಲ್ಲಿ ನುಂಗಿದ ಮಾತ್ರೆ ಮೈಗೆ ಹತ್ತದೆ ಹೊರಹೋಗಬಹುದಾದ್ದರಿಂದ, ಸೇವಿಸುವ ಸಮಯವನ್ನೂ ಕೇಳಿ ತಿಳಿಯಬೇಕು. ನೋವುನಿವಾರಕ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು ಈ ದಿನಗಳಲ್ಲಿ ಸ್ವಂತವಾಗಿ ಸೇವಿಸಬಾರದು.

ಏನು ಕುಡಿಯಬೇಕು?

ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿಯಬಹುದು. ಸೋಸಿದ ಬೇಳೆಕಟ್ಟಿನ ತಿಳಿ, ಓ.ಆರ್.ಎಸ್., ಸೋಸಿದ ನಿಂಬೆಹಣ್ಣಿನ ಪಾನಕ ಇವನ್ನು ನಡುನಡುವೆ ಸೇವಿಸುವುದು ಹಿತ. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಎಳನೀರಿನ ಪೊಟ್ಯಾಸಿಯಂ ಒಗ್ಗದಿರಬಹುದು. ಹೃದಯದ ದೌರ್ಬಲ್ಯವುಳ್ಳವರಿಗೆ ದ್ರವದ ಪ್ರಮಾಣವೇ ಮಿತವಾಗಿರಬಹುದು. ಇಂಥವರು ವೈದ್ಯರ ಮಾತಿನಂತೆ ನಡೆಯಬೇಕು. ಕೆಂಪು ಬಣ್ಣದ ಪಾನೀಯಗಳು ಪರೀಕ್ಷೆಯ ವೇಳೆ ರಕ್ತದಂತೆ ತೋರುವುದರಿಂದ ವರ್ಜ್ಯ.

ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಎದೆನೋವು, ಮಾತಿನಲ್ಲಿ ಗೊಂದಲ ಕಂಡರೆ ಔಷಧಿಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ರಾತ್ರಿ ವೃದ್ಧರನ್ನು ಒಂಟಿಯಾಗಿ ಬಿಡದಿರುವುದು ಲೇಸು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಪರೀಕ್ಷೆಯ ದಿನ ಗೊತ್ತಾದೊಡನೆ ತಾವು ಸೇವಿಸುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ. ಯಾವುದನ್ನು ಬಿಡಬೇಕು, ಯಾವುದನ್ನು ಎಷ್ಟು ಗಂಟೆಗೆ ಸೇವಿಸಬೇಕು, ಮತ್ತೆ ಎಂದು ಆರಂಭಿಸಬೇಕು ಎಂಬುದನ್ನು ಅದರ ಮೇಲೆಯೇ ಬರೆಸಿಕೊಳ್ಳಿ.